ಅಚ್ಚಿಗೂ ಬರದ, ಹಂಚಲೂ ಆಗದ ಪುಸ್ತಕಗಳು

ಹಳೆಯ ಪುಸ್ತಕ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಬರೆದವರು ತೀರಿಕೊಂಡ ವರ್ಷ. ಕೇಳಿದವರಿಗೆ ವಿಚಿತ್ರ ಅನಿಸಬಹುದು. ಆದರೆ ಆ ಒಂದು ವರ್ಷ ಗೊತ್ತಾಗದೆ ಆ ಪುಸ್ತಕವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಓದಲು ಹಾಕಬಹುದೋ ಇಲ್ಲವೋ ಹೇಳಲು ಬರುವುದಿಲ್ಲ.

ನಮ್ಮ ಕಾನೂನಿನ ಲೆಕ್ಕ ಹೀಗಿದೆ. ಲೇಖಕರು ಬದುಕಿರುವವರೆಗೆ ಬರಹದ ಮೇಲಿನ ಹಕ್ಕು, ಅಂದರೆ ಕಾಪಿರೈಟ್, ಇರುತ್ತದೆ, ತೀರಿಕೊಂಡ ಮೇಲೆ ಇನ್ನೂ 60 ವರ್ಷ ಇರುತ್ತದೆ. ಎಣಿಕೆ ಮರುವರ್ಷದ ಜನವರಿ 1ರಿಂದ ಶುರು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಇದು 50 ವರ್ಷವೇ ಇತ್ತು. ರವೀಂದ್ರನಾಥ ಟ್ಯಾಗೋರರು ತೀರಿಕೊಂಡದ್ದು 1941ರಲ್ಲಿ. ಅವರ ಬರಹಗಳ ಹಕ್ಕು ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈಲಿತ್ತು. ಅದು 1991ರ ಕೊನೆಗೆ ಮುಗಿಯಬೇಕಿತ್ತು. ಆಗ ಕಾಯ್ದೆ ತಿದ್ದಿ ಹತ್ತು ವರ್ಷ ಸೇರಿಸಿದರು. ಸೇರಿದ್ದು ಟ್ಯಾಗೋರರಿಗೆ ಮಾತ್ರ ಅಲ್ಲ, ಹಕ್ಕು ಇನ್ನೂ ಮುಗಿದಿರದ ಎಲ್ಲ ಲೇಖಕರಿಗೂ. ಒಂದೇ ಸಲ ಅಚ್ಚಾಗಿ ಮರೆತುಹೋದ ಕಾದಂಬರಿಗಳಿಗೂ ಇನ್ನೊಂದು ಹತ್ತು ವರ್ಷ ಬೀಗ ಬಿತ್ತು.

ಹಾಗಾಗಿ ನನ್ನಂಥವರಿಗೆ ಜನವರಿ 1 ಬರೀ ಹೊಸ ವರ್ಷ ಅಲ್ಲ. 2024ರ ಜನವರಿ 1ರಂದು ಗೋವಿಂದ ಪೈಗಳೂ ತ್ರಿವೇಣಿಯವರೂ ಒಟ್ಟಿಗೆ ಎಲ್ಲರ ಪಾಲಾದರು. ಇಬ್ಬರೂ ತೀರಿಕೊಂಡದ್ದು 1963ರಲ್ಲೇ. ಒಬ್ಬರು 80 ತುಂಬಿದ ಹಿರಿಯರು, ಇನ್ನೊಬ್ಬರಿಗೆ 35 ಕೂಡ ತುಂಬಿರಲಿಲ್ಲ. ಮರುವರ್ಷ ಆಲೂರು ವೆಂಕಟರಾಯರ ಸರದಿ. ಡಿವಿಜಿ ಅವರಿಗೆ 2036ರವರೆಗೆ ಕಾಯಬೇಕು. ಬೇಂದ್ರೆಯವರಿಗೆ 2042, ಕುವೆಂಪು ಅವರಿಗೆ 2055.

ಇವೆಲ್ಲ ದೊಡ್ಡ ಹೆಸರುಗಳು. ಹಕ್ಕು ಇರಲಿ ಬಿಡಲಿ, ಇವರ ಮುಖ್ಯ ಪುಸ್ತಕಗಳು ಅಚ್ಚಾಗುತ್ತಲೇ ಇರುತ್ತವೆ. ನನಗೆ ಚಿಂತೆ ಇರುವುದು ಮಿಕ್ಕವರದ್ದು. 1950ರ ದಶಕದಲ್ಲಿ ಒಂದು ಪ್ರವಾಸ ಕಥನ ಬರೆದ ಮೇಷ್ಟ್ರು. ಬಾವಿ ತೋಡುವುದರ ಬಗ್ಗೆ, ದನಗಳ ರೋಗದ ಬಗ್ಗೆ ಚಂದದ ಕನ್ನಡದಲ್ಲಿ ಪುಟ್ಟ ಪುಸ್ತಕ ಬರೆದವರು. ಮಾಸಪತ್ರಿಕೆಗೆ ನಾಲ್ಕು ಕತೆ ಕೊಟ್ಟು ಆಮೇಲೆ ಬರೆಯುವುದನ್ನೇ ಬಿಟ್ಟ ಹೆಂಗಸರು. ಇವರು ಯಾವಾಗ ತೀರಿಕೊಂಡರು? ಯಾವ ಕೋಶದಲ್ಲೂ ಇಲ್ಲ. ಮೊದಲ ಪುಟಗಳೇ ಹರಿದುಹೋಗಿದ್ದರಂತೂ ಹೆಸರೂ ಸಿಗುವುದಿಲ್ಲ.

ಹಳೆಯ ಪತ್ರಿಕೆಗಳ ಪಾಡು ಇನ್ನೂ ಕಷ್ಟ. ಒಂದೇ ಸಂಚಿಕೆಯಲ್ಲಿ ಹತ್ತಾರು ಜನ ಬರೆದಿರುತ್ತಾರೆ. ಒಬ್ಬೊಬ್ಬರ ಬರಹಕ್ಕೂ ಬೇರೆ ಬೇರೆ ಲೆಕ್ಕ. ಹೆಸರು ಹಾಕದ ಬರಹಕ್ಕೆ, ಯಾರದೆಂದು ತಿಳಿಯದ ಕಾವ್ಯನಾಮದ ಬರಹಕ್ಕೆ ಪ್ರಕಟವಾದ ವರ್ಷದಿಂದ 60 ವರ್ಷ. ಆ ಅವಧಿಯೊಳಗೆ ಕಾವ್ಯನಾಮದ ಹಿಂದಿನ ಮನುಷ್ಯ ಯಾರೆಂದು ಬಹಿರಂಗವಾದರೆ ಮತ್ತೆ ಅವರ ಸಾವಿನ ವರ್ಷಕ್ಕೇ ಹೋಗಬೇಕು. ಅನುವಾದವಾದರೆ ಮೂಲ ಲೇಖಕರದ್ದೂ ನೋಡಬೇಕು, ಅನುವಾದಕರದ್ದೂ ನೋಡಬೇಕು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಬಂಕಿಮಚಂದ್ರರ ಕಾದಂಬರಿಗಳಿಗೆ ಈ ತೊಂದರೆ ಇಲ್ಲ. ಮೂಲದವರು 1894ರಲ್ಲಿ, ಅನುವಾದಕರು 1914ರಲ್ಲಿ ತೀರಿಕೊಂಡಿದ್ದಾರೆ. ಆದರೆ ಅಷ್ಟು ಸಲೀಸಾಗಿ ಬಿಡಿಸಿಕೊಳ್ಳುವ ಪುಸ್ತಕಗಳು ಕಮ್ಮಿ.

ನನಗೆ ಎದುರಾದ ಜಗಳಗಳಲ್ಲಿ ಜಾಸ್ತಿ ಬೇಜಾರು ತಂದದ್ದು ಒಂದಿದೆ. ಲೇಖಕರು ತೀರಿಕೊಂಡು 70 ವರ್ಷ ದಾಟಿದ್ದ ಒಂದು ಕಾದಂಬರಿಯ ಮೊದಲ ಮುದ್ರಣವನ್ನು ನಾನು ಸ್ಕ್ಯಾನ್ ಮಾಡಿ ಹಾಕಿದ್ದೆ. ಅದನ್ನು ಮರುಮುದ್ರಣ ಮಾಡಿದ್ದ ಒಬ್ಬ ಪ್ರಕಾಶಕರು, ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ಪತ್ರ ಬರೆದರು. ಅವರ ಮುದ್ರಣದಲ್ಲಿ ಹೊಸ ಮುನ್ನುಡಿ ಇತ್ತು, ಹೊಸ ಮುಖಪುಟ ಇತ್ತು. ಅವುಗಳ ಹಕ್ಕು ಖಂಡಿತ ಈಗಲೂ ಇದೆ. ನಾನು ಅವನ್ನು ಮುಟ್ಟಿರಲಿಲ್ಲ. ಕಾದಂಬರಿಯ ಮಾತುಗಳು ಮಾತ್ರ ಯಾರ ಸ್ವತ್ತೂ ಅಲ್ಲ. ಮತ್ತೆ ಅಚ್ಚು ಹಾಕಿದ ಮಾತ್ರಕ್ಕೆ ಹಳೆಯ ಬರಹಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ. ನಾನು ಹಾಗೆಯೇ ಉತ್ತರ ಬರೆದೆ, ಪುಸ್ತಕ ತೆಗೆಯಲಿಲ್ಲ. ಅವರಿಂದ ಮತ್ತೆ ಪತ್ರ ಬರಲಿಲ್ಲ. ಆದರೆ ಇಂಥ ಪತ್ರ ಒಬ್ಬ ವಿದ್ಯಾರ್ಥಿಗೆ ಹೋಗಿದ್ದರೆ ಹೆದರಿ ಅಳಿಸಿಬಿಡುತ್ತಿದ್ದರು, ಅಲ್ವಾ? ಹಾಗೆ ಅಳಿದುಹೋದವು ಎಷ್ಟಿವೆಯೋ ಎಂದು ಸಂಕಟವಾಗುತ್ತದೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ಪುಸ್ತಕದ ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪುಗಳಲ್ಲಿ ಹರಿಬಿಡುವುದು ಕಳ್ಳತನವೇ. ಕನ್ನಡದಲ್ಲಿ ಒಂದು ಮುದ್ರಣ ಖರ್ಚಾಗುವುದೇ ಕಷ್ಟ. ಅಂಥದ್ದರಲ್ಲಿ ಬರೆದವರ ಹೊಟ್ಟೆಯ ಮೇಲೆ ಹೊಡೆದು ಭಾಷಾಸೇವೆ ಎಂದು ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ಮಾತೆಲ್ಲ ಯಾರೂ ಮಾರದ, ಯಾರಿಗೂ ಒಂದು ರೂಪಾಯಿಯನ್ನೂ ತಾರದ ಪುಸ್ತಕಗಳ ಬಗ್ಗೆ.

ಹಕ್ಕುದಾರರು ಸಿಗದ ಪುಸ್ತಕಕ್ಕೆ ಕಾನೂನಿನಲ್ಲಿ ದಾರಿ ಇಲ್ಲವೇ? ಇದೆ. 31ಎ ಎಂಬ ಸೆಕ್ಷನ್ ಇದೆ. ಲೇಖಕರು ತೀರಿಕೊಂಡಿದ್ದರೆ, ಅಥವಾ ಹಕ್ಕು ಯಾರದೆಂದು ತಿಳಿಯದಿದ್ದರೆ, ಅರ್ಜಿ ಹಾಕಿ ಪರವಾನಗಿ ಕೇಳಬಹುದು. ಗೌರವಧನ ಕಟ್ಟಬೇಕು. ಅದಕ್ಕೂ ಮೊದಲು ದೇಶದ ಹೆಚ್ಚಿನ ಭಾಗದಲ್ಲಿ ಓಡುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಕನ್ನಡ ಪತ್ರಿಕೆಯಲ್ಲೂ ಕೊಡಲೇಬೇಕು ಅನ್ನುವುದು ಕನ್ನಡಕ್ಕೆ ಅನುವಾದ ಮಾಡುವಾಗ ಮಾತ್ರ. ಯೋಚಿಸಿ. ಕನ್ನಡದ ಒಬ್ಬ ಮೇಷ್ಟ್ರ ಮೊಮ್ಮಕ್ಕಳನ್ನು ಹುಡುಕಲು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು. 80 ಪುಟದ ಪುಸ್ತಕವನ್ನು ಪುಕ್ಕಟೆಯಾಗಿ ಓದಲು ಕೊಡುವವನು ಈ ಖರ್ಚು, ಈ ಓಡಾಟ ಎಲ್ಲಿಂದ ಮಾಡಬೇಕು?

ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟ ಪುಸ್ತಕಗಳದ್ದು ಇನ್ನೊಂದು ಗಂಟು. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಒಪ್ಪಂದ ಬಿದ್ದುಹೋಗುತ್ತದೆ ಎಂದು ಕಾಯ್ದೆ ಹೇಳುತ್ತದೆ. ಅವಧಿ ಬರೆದಿರದಿದ್ದರೆ ಐದೇ ವರ್ಷ. ಎಷ್ಟು ಒಳ್ಳೆಯ ನಿಯಮ! ಆದರೆ ಇದು 1994ರ ತಿದ್ದುಪಡಿಗಿಂತ ಹಿಂದೆ ಮಾಡಿಕೊಂಡ ಒಪ್ಪಂದಗಳಿಗೆ ಅನ್ವಯಿಸುವುದಿಲ್ಲ. ನಮಗೆ ಬೇಕಾದ ಪುಸ್ತಕಗಳೆಲ್ಲ ಅದಕ್ಕಿಂತ ಹಿಂದಿನವೇ.

ಹೀಗಾಗಿ ಕೊನೆಗೆ ಉಳಿಯುವ ದಾರಿ ಮನೆಯವರನ್ನು ಹುಡುಕಿ ಕೇಳುವುದು. ನನ್ನ ಅನುಭವದಲ್ಲಿ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಒಬ್ಬ ಲೇಖಕರ ಮೊಮ್ಮಗಳಿಗೆ ತನ್ನ ತಾತ ಕತೆ ಬರೆದಿದ್ದರು ಎಂಬುದೇ ಗೊತ್ತಿರಲಿಲ್ಲ. ನಾನು ಕಳಿಸಿದ ಪುಟಗಳನ್ನು ಫೋನಿನಲ್ಲಿ ತನ್ನ ತಾಯಿಗೆ ಓದಿ ಹೇಳಿದರಂತೆ. ಅಣ್ಣತಮ್ಮಂದಿರ ಒಪ್ಪಿಗೆಯನ್ನೂ ಅವರೇ ಓಡಾಡಿ ತಂದುಕೊಟ್ಟರು. ಬೇಡ ಅಂದವರೂ ಇದ್ದಾರೆ. ಅಪ್ಪನ ಪುಸ್ತಕ ಯಾವತ್ತಾದರೂ ಚಂದವಾಗಿ ಅಚ್ಚು ಹಾಕಿಸಬೇಕು ಎಂಬ ಆಸೆ ಅವರಿಗೆ. ಅದು ನನಗೆ ಅರ್ಥವಾಗುತ್ತದೆ. ಅಂಥವನ್ನು ನಾನು ಹಾಕಿಲ್ಲ. ಆದರೆ ಕಾಗದ ಕಾಯುವುದಿಲ್ಲವಲ್ಲ. ಮುಟ್ಟಿದರೆ ಅಂಚು ಪುಡಿಯಾಗುವ ಪುಟಗಳನ್ನು ನೋಡಿದವರಿಗೆ ಈ ಆತಂಕ ಗೊತ್ತು.

ನಮ್ಮ ಪಕ್ಕದಲ್ಲೇ ಬೇರೆ ದಾರಿ ಹಿಡಿದವರಿದ್ದಾರೆ. ಸುಬ್ರಹ್ಮಣ್ಯ ಭಾರತಿಯವರ ಬರಹಗಳನ್ನು 1949ರಲ್ಲಿ ಮದ್ರಾಸ್ ಸರ್ಕಾರ ನಾಡಿನ ಆಸ್ತಿ ಮಾಡಿತು. ತಮಿಳುನಾಡು ಸರ್ಕಾರ ಆಮೇಲೆಯೂ ಎಷ್ಟೋ ಲೇಖಕರ ಕುಟುಂಬಗಳಿಗೆ ಹಣ ಕೊಟ್ಟು ಬರಹಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ. ಮನೆಯವರಿಗೂ ಮರ್ಯಾದೆ, ಓದುವವರಿಗೂ ಪುಸ್ತಕ. ಕರ್ನಾಟಕ ಇದನ್ನು ಯಾಕೆ ಮಾಡಬಾರದು? ನಾನು ಇದನ್ನು ಸಿಕ್ಕವರಿಗೆಲ್ಲ ಕೇಳುತ್ತೇನೆ.

ಸರ್ಕಾರ ಮಾಡುವವರೆಗೆ ಕಾಯಲೂಬೇಕಿಲ್ಲ. ನಿರಂಜನ ಅವರು ತೀರಿಕೊಂಡದ್ದು 1992ರಲ್ಲಿ. ಕಾನೂನಿನ ಪ್ರಕಾರ 2052ರ ಕೊನೆಯವರೆಗೆ ಹಕ್ಕು ಇರುತ್ತದೆ. ಆದರೆ 2014ರಲ್ಲೇ ಅವರ ಮನೆಯವರು ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಹೆಸರು ಹೇಳಿ ಯಾರು ಬೇಕಾದರೂ ಹಂಚಬಹುದು. ಬದುಕಿರುವ ಲೇಖಕರಿಗೆ ಇದು ಇನ್ನೂ ಸುಲಭ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಪ್ರಕಟಣೆ ಕೊಟ್ಟು ಹಕ್ಕನ್ನು ಪೂರ್ತಿಯಾಗಿಯೋ ಸ್ವಲ್ಪವೋ ಬಿಟ್ಟುಕೊಡಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ಬರೆದವರಿದ್ದರೆ ಈ ವಾರವೇ ಒಂದು ಕೆಲಸ ಮಾಡಿ. ಅವರು ಹುಟ್ಟಿದ ವರ್ಷ, ಇಲ್ಲದವರಾದರೆ ತೀರಿಕೊಂಡ ವರ್ಷ, ಬಳಸಿದ ಕಾವ್ಯನಾಮಗಳು, ಪುಸ್ತಕಗಳ ಪಟ್ಟಿ ಬರೆದಿಡಿ. ಯಾವ ಪುಸ್ತಕದ ಹಕ್ಕು ಯಾರ ಕೈಲಿದೆ ಎಂಬುದನ್ನೂ ಬರೆಯಿರಿ. ಹಂಚಲು ಒಪ್ಪಿಗೆ ಇದ್ದರೆ ಎಲ್ಲ ವಾರಸುದಾರರ ಸಹಿ ಇರಲಿ. ಒಪ್ಪಿಗೆ ಇಲ್ಲದಿದ್ದರೂ ಪರವಾಗಿಲ್ಲ, ಅದನ್ನೇ ಬರೆದು, ಯಾರನ್ನು ಕೇಳಬೇಕು ಎಂದು ತಿಳಿಸಿ. ಪುಸ್ತಕದ ಒಂದು ಪ್ರತಿಯ ಜೊತೆ ಆ ಹಾಳೆಯನ್ನು ಹತ್ತಿರದ ಗ್ರಂಥಾಲಯಕ್ಕೆ ಕೊಡಿ.