ಆ ಕಾಮೆಂಟ್ ಓದೋದು ಯಾರು?

ಹೆಂಗಸಿನ ಮೇಲೆ ದೌರ್ಜನ್ಯ ಅಂತ ಯಾವ ಸುದ್ದಿ ಫೀಡಲ್ಲಿ ಬಂದ್ರೂ ನಾನು ಮೊದ್ಲು ಕಾಮೆಂಟ್ ಓದ್ತೀನಿ, ಕೆಟ್ಟ ಚಟ. "ಅಷ್ಟೊತ್ತಲ್ಲಿ ಅವ್ಳಿಗೆ ಅಲ್ಲೇನು ಕೆಲಸ" ಅಂತ ಒಬ್ಬ, ಅದರ ಕೆಳಗೆ "ಒಂದೇ ಕೈಲಿ ಚಪ್ಪಾಳೆ ಆಗಲ್ಲ ಗುರು" ಅಂತ ಇನ್ನೊಬ್ಬ, ಅದಕ್ಕೆ ಸಾಲಾಗಿ ನಗೋ ಇಮೋಜಿ. ಮಧ್ಯದಲ್ಲಿ "ನೇಣಿಗೆ ಹಾಕ್ರಿ" ಅನ್ನೋರೂ ಇರ್ತಾರೆ. ಮಜಾ ಏನಂದ್ರೆ ಎಷ್ಟೋ ಸಲ ಇವೆರಡನ್ನೂ ಬರೆಯೋನು ಒಬ್ನೇ, ದಾರೀಲಿ ಹೋಗೋನು ಮಾಡಿದ್ರೆ ನೇಣು, ಗಂಡನೇ ಮಾಡಿದ್ರೆ ಚಪ್ಪಾಳೆ ಗಾದೆ.

ಹಂಗಂತ ಸೋಶಿಯಲ್ ಮೀಡಿಯಾ ಇಂದ ಬರೀ ಹಾಳಾಯ್ತು ಅಂತ ನಾನು ಹೇಳಲ್ಲ. 2015ರಲ್ಲಿ ಅರ್ಜೆಂಟೀನಾದಲ್ಲಿ ಹೆಂಗಸರ ಕೊಲೆ ವಿರುದ್ಧ ನಿ ಉನಾ ಮೆನೋಸ್ (ಇನ್ನೊಬ್ಬಳೂ ಕಮ್ಮಿ ಆಗ್ಬಾರ್ದು) ಅನ್ನೋ ಹ್ಯಾಶ್‌ಟ್ಯಾಗ್ ಹಿಡ್ಕೊಂಡೇ ಜನ ಬೀದಿಗಿಳಿದ್ರು. ಲೈಂಗಿಕ ದೌರ್ಜನ್ಯ ಅನುಭವಿಸಿದೋರು 'ನಂಗೂ ಆಗಿದೆ' ಅಂತ ಹೇಳ್ಕೊಳ್ಳೋ ಮೀ ಟೂ, ಅಮೆರಿಕದ ಹೋರಾಟಗಾರ್ತಿ ತರಾನಾ ಬರ್ಕ್ 2006ರಲ್ಲೇ ಶುರು ಮಾಡಿದ್ದು, ಜಗತ್ತಿಗೆಲ್ಲ ಕೇಳಿಸಿದ್ದು 2017ರ ಅಕ್ಟೋಬರ್‌ನಲ್ಲಿ, ಒಂದು ಟ್ವೀಟ್ ಆದ್ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಮೂವರು ಹೆಂಗಸರಲ್ಲಿ ಹತ್ರತ್ರ ಒಬ್ಬರು ಜೀವನದಲ್ಲಿ ಒಂದಲ್ಲ ಒಂದ್ಸಲ ದೈಹಿಕ ಇಲ್ಲಾ ಲೈಂಗಿಕ ಹಿಂಸೆ ಅನುಭವಿಸಿರ್ತಾರೆ, ಆದ್ರೂ ಪ್ರತಿಯೊಬ್ಳೂ ನಂಗೊಬ್ಳಿಗೇ ಹಿಂಗಾಗಿದ್ದು ಅಂತ ಬಾಯ್ಮುಚ್ಕೊಂಡಿರ್ತಿದ್ಲಲ್ಲ, ಅದು ಒಡೀತು.

ಆಮೇಲೆ 2022 ಬಂತು. ಹಾಲಿವುಡ್ ನಟ ಜಾನಿ ಡೆಪ್, ಅವನ ಮಾಜಿ ಹೆಂಡ್ತಿ ನಟಿ ಆಂಬರ್ ಹರ್ಡ್ ಮಧ್ಯೆ ಮಾನನಷ್ಟ ಕೇಸು, ವಾರಗಟ್ಟಲೆ ಲೈವ್. ತೀರ್ಪಿನ ಬಗ್ಗೆ ನಾನು ಮಾತಾಡ್ತಿಲ್ಲ, ಯಾರು ಸರಿ ಯಾರು ತಪ್ಪು ಅನ್ನೋ ಜಗಳ ಇಲ್ಲಿ ಬೇಡ. ಸಾಕ್ಷಿ ಕಟಕಟೆಯಲ್ಲಿ ಹರ್ಡ್ ನನ್ನ ಹೊಡೆದ್ರು ಅಂತ ಅಳ್ತಾ ಹೇಳಿದ ಆಡಿಯೋನೇ ಟಿಕ್‌ಟಾಕ್‌ನಲ್ಲಿ ಲಿಪ್‌ಸಿಂಕ್ ಮಾಡಿ ಆಡ್ಕೊಂಡ್ರು ನೋಡಿ, ನಂಗೆ ತಲೆ ಕೆಟ್ಟಿದ್ದು ಅದಕ್ಕೆ. ಅವ್ಳು ಸುಳ್ಳೇ ಹೇಳಿದ್ಲು ಅಂತ ಇಟ್ಕೊಂಡ್ರೂ, ಹೊಡೆಸ್ಕೊಂಡೋಳು ಹಿಂಗೇ ಅಳ್ಬೇಕು, ಹಿಂಗೆ ಅತ್ರೆ ನಾಟಕ ಅಂತ ಊರಿಗೆಲ್ಲ ಪಾಠ ಆಯ್ತಲ್ಲ!

ಸೆಲೆಬ್ರಿಟಿ ಬಗ್ಗೆ ನೀವು ಬರೆದ ಕಾಮೆಂಟು ಆ ಸೆಲೆಬ್ರಿಟಿ ಕಣ್ಣಿಗೆ ಬೀಳೋದೇ ಡೌಟು. ನಿಮ್ಮ ಫ್ರೆಂಡ್ ಲಿಸ್ಟಲ್ಲಿರೋ ತಂಗಿ, ಕಲೀಗು, ಹಳೇ ಕ್ಲಾಸ್‌ಮೇಟು ಓದ್ತಾರೆ, ಅವರಲ್ಲಿ ಒಬ್ಳಿಗೆ ಮನೇಲಿ ಏಟು ಬೀಳ್ತಿದ್ರೆ "ಇಷ್ಟು ವರ್ಷ ಯಾಕೆ ಸುಮ್ನಿದ್ಲು" ಅಂತ ನೀವು ಬರೆದಿದ್ದು ಓದಿ, ಇವನ ಹತ್ರ ಮಾತ್ರ ಹೇಳ್ಬಾರ್ದು ಅಂತ ಅವತ್ತೇ ತೀರ್ಮಾನ ಮಾಡಿರ್ತಾಳೆ.

ಇಂಥೋರ ಜೊತೆ ಕಾಮೆಂಟಲ್ಲಿ ಜಗಳಕ್ಕೆ ನಾನೀಗ ಇಳಿಯಲ್ಲ, ಬೈದ್ರೂ ಅದು ಎಂಗೇಜ್‌ಮೆಂಟೇ, ಪೋಸ್ಟ್ ಇನ್ನೂ ನಾಲ್ಕು ಜನರ ಫೀಡಿಗೆ ಹೋಗುತ್ತೆ. ಗೊತ್ತಿರೋರಾದ್ರೆ ಇನ್‌ಬಾಕ್ಸಲ್ಲಿ ಕೇಳ್ತೀನಿ, "ಇದನ್ನ ನಿನ್ನ ಅಕ್ಕ ಓದಿದ್ರೆ?" ಕೆಲವರು ಡಿಲೀಟ್ ಮಾಡ್ತಾರೆ, ಇನ್ನು ಕೆಲವರು ನನ್ನನ್ನೇ ಬ್ಲಾಕ್ ಮಾಡ್ತಾರೆ.