ಮುಳ್ಳಿನ ರಸ್ತೆ, ಕಲ್ಲಿನ ರಸ್ತೆ

ಚಿಕ್ಕಮಗಳೂರು
ಅಕ್ಟೋಬರ್ 12, 2025, ಭಾನುವಾರ

ಇಂದು ಬೆಳಿಗ್ಗೆ ಬಾಬಾಬುಡನ್‌ಗಿರಿಯ ರಸ್ತೆಯಲ್ಲಿ ಅತ್ತಿಗುಂಡಿಯಿಂದ ಕೈಮರದ ಕಡೆಗೆ ಇಳಿಯುತ್ತಿದ್ದಾಗ ಸೈಕಲ್ಲಿನ ಹಿಂದಿನ ಟೈರು ಸೀಳಿತು. ಮಳೆನೀರು ಧರೆಯಿಂದ ಕೊಚ್ಚಿ ತಂದು ತಿರುವಿನ ಅಂಚಿನಲ್ಲಿ ಬಿಟ್ಟುಹೋಗಿದ್ದ ಕಲ್ಲುಚೂರುಗಳ ಮೇಲೆ ಚಕ್ರ ಹಾಯ್ದದ್ದಷ್ಟೆ. ವೇಗ ಕಡಿಮೆಯಿದ್ದುದರಿಂದ ಬೀಳಲಿಲ್ಲ. ಬಿಚ್ಚಿ ನೋಡಿದಾಗ ನೆಲಕ್ಕೆ ತಾಗುವ ಮೈಗೆ ಏನೂ ಆಗಿರಲಿಲ್ಲ. ಪಕ್ಕೆಯಲ್ಲಿ ಮಾತ್ರ ಭತ್ತದ ಕಾಳಿನಷ್ಟು ಉದ್ದದ ಸೀಳಿತ್ತು. ಹತ್ತು ರೂಪಾಯಿಯ ನೋಟೊಂದನ್ನು ನಾಲ್ಕು ಮಡಿಕೆ ಮಾಡಿ ಸೀಳಿನ ಒಳಗಡೆಗೆ ಕೊಟ್ಟು, ಚೀಲದಲ್ಲಿದ್ದ ಟ್ಯೂಬನ್ನು ಹಾಕಿ, ಗಾಳಿಯನ್ನು ಎಂದಿಗಿಂತ ಕಡಿಮೆ ತುಂಬಿಸಿ ಮೆಲ್ಲಗೆ ಊರು ಸೇರಿದೆ. ನಮ್ಮ ನೋಟಿನ ಕಾಗದ ಹತ್ತಿಯ ನಾರಿನದಾದ್ದರಿಂದ ಇಂತಹ ಹೊತ್ತಿನಲ್ಲಿ ಅದು ಬಟ್ಟೆಯ ತೇಪೆಯ ಕೆಲಸ ಮಾಡುತ್ತದೆ.

ಆ ಟೈರು 3,900 ಕಿ.ಮೀ. ಓಡಿತ್ತು, ಇನ್ನೂ ಸಾಕಷ್ಟು ರಬ್ಬರ್ ಉಳಿದಿತ್ತು. ಅದನ್ನು ಆರಿಸುವಾಗ ನಾನು ನೋಡಿದ್ದು ಮುಳ್ಳನ್ನು ಮಾತ್ರ ಎಂಬುದು ಇಂದು ಹೊಳೆಯಿತು. ನಮ್ಮ ಊರಿನಿಂದ ಹೊರಡುವ ರಸ್ತೆಗಳು ಟೈರನ್ನು ಎರಡು ಬಗೆಯಲ್ಲಿ ಕೊಲ್ಲುತ್ತವೆ. ಸಖರಾಯಪಟ್ಟಣ ದಾಟಿ ಕಡೂರಿನ ಬಯಲಿಗೆ ಇಳಿದರೆ ಬಳ್ಳಾರಿ ಜಾಲಿಯ ಮುಳ್ಳು ನಡುಮೈಗೆ ನೇರವಾಗಿ ನಾಟುತ್ತದೆ. ಗಿರಿಯ ಕಡೆಗೆ ಹತ್ತಿದರೆ ಚೂಪುಗಲ್ಲು ಪಕ್ಕೆಯನ್ನು ಕೊಯ್ಯುತ್ತದೆ, ಅದರಲ್ಲಿಯೂ ರಸ್ತೆ ಒದ್ದೆಯಾಗಿದ್ದಾಗ ನೀರೇ ಜಾರುಕವಾಗಿ ಕಲ್ಲಿನ ಅಂಚು ರಬ್ಬರಿನೊಳಗೆ ಇನ್ನಷ್ಟು ಸುಲಭವಾಗಿ ಇಳಿಯುತ್ತದೆ. ರೋಡ್ ಬೈಕಿನ ಹೆಚ್ಚಿನ ಟೈರುಗಳಲ್ಲಿ ಪಂಕ್ಚರ್ ತಡೆಯುವ ಪದರ ಇರುವುದು ನಡುಮೈಯ ಕೆಳಗೆ ಮಾತ್ರ. ನನ್ನ ಟೈರೂ ಅಂಥದ್ದೇ. ಮುಳ್ಳಿಗೆ ಅದು ಎದೆಗೊಟ್ಟಿತು, ಕಲ್ಲಿಗೆ ಪಕ್ಕೆ ತೋರಿಸಿತು.

ಕಪಾಟಿನಲ್ಲಿ ಕಾಂಟಿನೆಂಟಲ್ ಗೇಟರ್‌ಸ್ಕಿನ್ ಎಂಬ ಹೊಸ ಟೈರೊಂದು ಇತ್ತು. ಅದರ ಪಕ್ಕೆಗೂ ಬಲವಾದ ನೇಯ್ಗೆಯ ಹೊದಿಕೆಯಿದೆ. ಒದ್ದೆ ರಸ್ತೆಯಲ್ಲಿ ಅದರ ಹಿಡಿತ ಸಾಲದು ಎಂದು ದೂರುವ ಸವಾರರು ಅನೇಕರಿದ್ದಾರೆ, ಮಲೆನಾಡಿನವರು ಆ ದೂರನ್ನು ತಳ್ಳಿಹಾಕುವಂತಿಲ್ಲ. ಆದರೂ ಇಳಿಜಾರಿನಲ್ಲಿ ನಿಧಾನವಾಗಿ ಬರುವುದು ನನ್ನ ಕೈಯಲ್ಲಿದೆ, ಪಕ್ಕೆ ಸೀಳದಂತೆ ತಡೆಯುವುದು ನನ್ನ ಕೈಯಲ್ಲಿಲ್ಲ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಎಂಬ ಟೈರಿನಲ್ಲಿ 5 ಮಿ.ಮೀ. ದಪ್ಪದ ರಬ್ಬರಿನ ಪದರವೇ ಇದೆ, ಮುಳ್ಳು ಅದನ್ನು ದಾಟುವುದು ಅಪರೂಪ. ಆದರೆ ಅಷ್ಟು ತೂಕವನ್ನು ಹೊತ್ತು ಕೈಮರದಿಂದ ಮೇಲಕ್ಕೆ ತುಳಿಯುವ ಉತ್ಸಾಹ ನನಗಿಲ್ಲ. ಒಂದು ಅಂಗುಲ ನೇಯ್ಗೆಯಲ್ಲಿ ಎಷ್ಟು ಎಳೆಗಳಿವೆ ಎಂದು ಹೇಳುವ ಟಿಪಿಐ ಸಂಖ್ಯೆಗೆ ಮರುಳಾಗುವುದನ್ನೂ ಬಿಟ್ಟಿದ್ದೇನೆ. ಒಂದೊಂದರಲ್ಲಿ 60 ಎಳೆಯಿರುವ ಮೂರು ಪದರಗಳನ್ನು ಕೂಡಿಸಿ 180 ಎಂದು ಬರೆಯುವ ರೂಢಿಯೂ ಇದೆ.

ಹೊಸಬರು ಹೆಚ್ಚಾಗಿ ಎಡವುವುದು ಅಳತೆಯಲ್ಲಿ. ಪಕ್ಕೆಯ ಮೇಲೆ 28-622 ಎಂದಿದ್ದರೆ ಮೊದಲನೆಯದು ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ, ಎರಡೂ ಮಿ.ಮೀ.ನಲ್ಲಿ. 622 ಬದಲಾಗುವಂತಿಲ್ಲ. ಅಗಲವನ್ನು ಮಾತ್ರ ಚೌಕಟ್ಟು ಮತ್ತು ಬ್ರೇಕಿನ ನಡುವಿನ ಜಾಗ ನೋಡಿ ಹೆಚ್ಚಿಸಬಹುದು. ನಾನು 23ರಿಂದ 28ಕ್ಕೆ ಬಂದ ಮೇಲೆ ಹೊಂಡದ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುವುದು ಬಹುಮಟ್ಟಿಗೆ ನಿಂತಿದೆ. ಹಿಂದೆ ಕಲ್ಲಿನಂತೆ ಗಟ್ಟಿಯಾಗುವವರೆಗೆ 110 ಪಿಎಸ್‌ಐ ಒತ್ತಡದವರೆಗೆ ಗಾಳಿ ತುಂಬಿಸುತ್ತಿದ್ದೆ. 72 ಕಿಲೋ ತೂಗುವ ನನಗೆ ಈಗ ಮುಂದಿನ ಚಕ್ರಕ್ಕೆ 70, ಹಿಂದಿನದಕ್ಕೆ 80 ಸಾಕಾಗಿದೆ. ಗಟ್ಟಿ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಸ್ವಲ್ಪ ಬಾಗುವ ಟೈರು ಕಲ್ಲನ್ನು ಸುತ್ತಿಕೊಂಡು ದಾಟುತ್ತದೆ.

ಗಾಳಿಯನ್ನು ವಾರಕ್ಕೊಮ್ಮೆಯಾದರೂ ಅಳೆಯದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ, ಏಕೆಂದರೆ ತೂತಿಲ್ಲದ ಟ್ಯೂಬೂ ದಿನದಿನಕ್ಕೆ ಗಾಳಿ ಬಿಡುತ್ತದೆ. ಪ್ರತಿ ಸವಾರಿಯ ನಂತರ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ರಬ್ಬರಿನಲ್ಲಿ ಕಚ್ಚಿಕೊಂಡ ಗಾಜು, ಕಲ್ಲಿನ ಚೂರುಗಳನ್ನು ಸೂಜಿಯಿಂದ ಎಬ್ಬಿಸುವ ಅಭ್ಯಾಸವನ್ನು ನನಗೆ ಕಲಿಸಿದವರು ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು. ಒಂದೇ ವಾರದಲ್ಲಿ ಮೂರನೆಯ ಸಲ ಹೋದಾಗ ಅವರು, “ಮೇಷ್ಟ್ರೇ, ಮುಳ್ಳನ್ನು ಟೈರಲ್ಲೇ ಬಿಟ್ಟು ಟ್ಯೂಬಿಗೆ ತೇಪೆ ಹಾಕಿಸ್ತೀರಲ್ಲ, ನನಗೇನೋ ಲಾಭ” ಎಂದು ನಕ್ಕಿದ್ದರು. ಅಂದಿನಿಂದ ಟೈರಿನ ಮೇಲಿನ ಹೆಸರನ್ನು ವಾಲ್ವಿನ ನೇರಕ್ಕೆ ಕೂರಿಸುತ್ತೇನೆ. ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವಿದೆಯೋ ಟೈರಿನಲ್ಲಿಯೂ ಅಷ್ಟೇ ದೂರದಲ್ಲಿ ಹುಡುಕಿದರೆ ಮುಳ್ಳು ಸಿಕ್ಕಿಬೀಳುತ್ತದೆ.

ಸಂಜೆ ಮುಂದಿನ ಚಕ್ರದ ಟೈರನ್ನು ಹಿಂದಕ್ಕೆ ಹಾಕಿ, ಹೊಸ ಗೇಟರ್‌ಸ್ಕಿನ್ನನ್ನು ಮುಂದಕ್ಕೆ ಕೂರಿಸಿದೆ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು, ತುಳಿತದ ಬಲವೂ ಅದರ ಮೇಲೆಯೇ. ಆದ್ದರಿಂದ ಅದು ನಡುವೆ ಚಪ್ಪಟೆಯಾಗಿ ಬೇಗ ಸವೆಯುತ್ತದೆ. ಹಾಗೆಂದು ಹೊಸದನ್ನು ಹಿಂದಕ್ಕೆ ಹಾಕುವುದು ಸರಿಯಲ್ಲ. ಹಿಂದಿನದು ಒಡೆದರೆ ಸೈಕಲ್ ಓಲಾಡುತ್ತದೆ, ಮುಂದಿನದು ಒಡೆದರೆ ಸವಾರ ನೆಲ ಕಾಣುತ್ತಾನೆ. ಈಗ ಹಿಂದಕ್ಕೆ ಹೋದದ್ದೂ ಪಕ್ಕೆ ತೆಳುವಾದ ಜಾತಿಯದೇ ಆದ್ದರಿಂದ, ಇನ್ನೊಂದು ಗೇಟರ್‌ಸ್ಕಿನ್ ಬರುವವರೆಗೆ ಗಿರಿಯ ಹಾದಿ ಬಿಟ್ಟು ಕಡೂರು ರಸ್ತೆಯಲ್ಲಿಯೇ ಓಡಿಸುವೆ.

ಸೀಳಿದ ಟೈರಿನ ಅಂಚಿನ ತಂತಿ ಕತ್ತರಿಸಿ ತೆಗೆದು, ಚೆನ್ನಾಗಿರುವ ಭಾಗದಿಂದ ಎರಡು ಬೆರಳಗಲದ ಮೂರು ತುಂಡುಗಳನ್ನು ಮಾಡಿ ಸೀಟಿನ ಕೆಳಗಿನ ಚೀಲಕ್ಕೆ ಸೇರಿಸಿದ್ದೇನೆ. ಹತ್ತು ರೂಪಾಯಿಯ ನೋಟು ಮಡಿಕೆಯಲ್ಲಿ ಕಪ್ಪಾಗಿದೆಯಾದರೂ ಹರಿದಿಲ್ಲ, ಮೇಜಿನ ಮೇಲೆ ಒಣಗುತ್ತಿದೆ.