ಬ್ರಾಹ್ಮಿ ಓದುವ ನನ್ನ ಪ್ರಾಜೆಕ್ಟ್: ಕೊಪ್ಪಳದಿಂದ ಮಸ್ಕಿವರೆಗೆ ಬಂದಾಯ್ತು

ದೊಡ್ಡ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಮಸ್ಕಿಯ ಅಶೋಕನ ಶಾಸನದ ಮೊದಲ ಮಾತುಗಳನ್ನು ಬಂಡೆಯ ಮುಂದೆ ನಿಂತು, ಬೋರ್ಡ್ ನೋಡದೆ, ಫೋನ್ ತೆಗೆಯದೆ ಓದಿದೆ. ದೇ, ವಾ, ನಂ, ಪಿ, ಯ, ಸ. ಆಮೇಲೆ ಅ, ಸೋ, ಕ, ಸ. ಹತ್ತೇ ಅಕ್ಷರ, ‘ದೇವರಿಗೆ ಪ್ರಿಯನಾದ ಅಶೋಕನ’ ಅಂತ ಅರ್ಥ. ಅಷ್ಟಕ್ಕೇ ಎಷ್ಟು ಖುಷಿಯಾಯಿತು ಅಂದರೆ, ಪಕ್ಕದಲ್ಲಿದ್ದ ಗೆಳತಿಯ ಕೈ ಹಿಡಿದು ಇನ್ನೊಂದು ಸಲ ಜೋರಾಗಿ ಓದಿದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಾನು ಕೊಪ್ಪಳದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಇತಿಹಾಸ ನನ್ನ ವಿಷಯ ಅಲ್ಲ. ಆದರೆ ಗವಿಮಠದ ಜಾತ್ರೆಗೆ ಚಿಕ್ಕಂದಿನಿಂದ ಹೋಗುತ್ತಾ ಬೆಳೆದವಳು. ಆ ಗುಡ್ಡದಲ್ಲೇ ಎರಡು ಸಾವಿರ ವರ್ಷಕ್ಕಿಂತ ಹಳೆಯ, ಅಶೋಕನ ಕಾಲದ ಬ್ರಾಹ್ಮಿ ಲಿಪಿಯ ಬರಹ ಇದೆ, ಅದರಲ್ಲಿ ನನಗೆ ಒಂದಕ್ಷರವೂ ಬರುವುದಿಲ್ಲ ಅನ್ನುವುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕ್ಲಾಸಿನಲ್ಲಿ ಆವರ್ತ ಕೋಷ್ಟಕ ಬಾಯಿಪಾಠ ಮಾಡುವ ನಮಗೆ ಮೂವತ್ತು-ನಲವತ್ತು ಅಕ್ಷರ ಕಲಿಯುವುದು ಏನು ದೊಡ್ಡದು ಅಂತ ಶುರು ಮಾಡಿದೆ. ಗುರಿ ಇಷ್ಟೇ: ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ರಾಯಚೂರು ಜಿಲ್ಲೆಯ ಮಸ್ಕಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ. ನಮ್ಮ ಸುತ್ತಲಿನ ಈ ಐದೂ ಕಡೆ ಹೋಗಿ, ಬಂಡೆ ಮೇಲಿನದನ್ನು ನಾನೇ ಓದಬೇಕು. ಯಾರೋ ಓದಿ ಬೋರ್ಡಿನಲ್ಲಿ ಬರೆದದ್ದನ್ನಲ್ಲ.

ಅಕ್ಷರ ಕಲಿತ ಬಗೆ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಒಂದು ಗ್ರಾಫ್ ಪುಸ್ತಕ ತಗೊಂಡೆ. ದಿನಕ್ಕೆ ಒಂದೆರಡು ಅಕ್ಷರ, ಜಾಸ್ತಿ ಬೇಡ. ಬ್ರಾಹ್ಮಿಯ ‘ಕ’ ನಮ್ಮ ಲೆಕ್ಕದ ಕೂಡುವ ಚಿಹ್ನೆಯೇ, ಒಂದು ಅಡ್ಡಗೆರೆ ಒಂದು ಉದ್ದಗೆರೆ. ‘ಗ’ ಎರಡು ಗೆರೆ ಮೇಲೆ ಕೂಡಿ ಕೆಳಗೆ ಬಿಚ್ಚಿಕೊಂಡಿರುತ್ತದೆ. ನಮ್ಮ ‘ಗ’ ಕೂಡ ಇವತ್ತಿಗೂ ಕೆಳಗೆ ಬಾಯಿ ತೆರೆದುಕೊಂಡೇ ಇದೆ ನೋಡಿ. ‘ಠ’ ಒಂದು ಖಾಲಿ ವೃತ್ತ, ಅದರ ನಡುವೆ ಚುಕ್ಕೆ ಇಟ್ಟರೆ ‘ಥ’. ‘ನ’ ತಲೆಕೆಳಗಾದ ಇಂಗ್ಲಿಷ್ ಟಿ. ಅದಕ್ಕೆ ಮೇಲೂ ಒಂದು ಅಡ್ಡಗೆರೆ ಎಳೆದರೆ ‘ಣ’. ‘ಮ’ ಕೆಳಗೆ ಗುಂಡು, ಮೇಲೆ ಎರಡು ಕೊಂಬು. ‘ವ’ ಗುಂಡಿನ ಮೇಲೆ ಒಂದೇ ಗೆರೆ. ‘ಇ’ ಬರೀ ಮೂರು ಚುಕ್ಕೆ, ‘ಏ’ ತ್ರಿಕೋನ. ಅನುಸ್ವಾರ ಪಕ್ಕದಲ್ಲಿ ಇಡುವ ಒಂದು ಚುಕ್ಕೆ. ನಾವು ಸೊನ್ನೆ ಇಡುತ್ತೇವೆ, ಅವರು ಚುಕ್ಕೆ ಇಟ್ಟರು, ಜಾಗ ಅದೇ.

ಕಾಗುಣಿತ ಗೊತ್ತಾದ ದಿನ ನಿಜವಾಗಿ ಬಾಗಿಲು ತೆರೆಯಿತು. ಅಕ್ಷರದ ಬಲಕ್ಕೆ ಪುಟ್ಟ ಗೆರೆ ಎಳೆದರೆ ದೀರ್ಘ ‘ಆ’, ಮೇಲಕ್ಕೆ ಏರಿಸಿದರೆ ‘ಇ’, ಕೆಳಗೆ ಎಳೆದರೆ ‘ಉ’, ಎಡಕ್ಕೆ ಎಳೆದರೆ ‘ಏ’. ಎಡಕ್ಕೂ ಬಲಕ್ಕೂ ಎಳೆದರೆ ‘ಓ’. ತಲಕಟ್ಟು, ಗುಡಿಸು, ಕೊಂಬು ಅಂತ ಒಂದನೇ ಕ್ಲಾಸಿನಲ್ಲಿ ಮಾಡಿದ ಕೆಲಸವೇ. ಕನ್ನಡ ಓದುವ ಯಾರೇ ಆಗಲಿ ಅರ್ಧ ದಾರಿ ಆಗಲೇ ನಡೆದಿರುತ್ತಾರೆ. ಫೋನಿನಲ್ಲೂ ಬ್ರಾಹ್ಮಿ ಬರುತ್ತದೆ, 2010ರಲ್ಲೇ ಯೂನಿಕೋಡಿಗೆ ಸೇರಿದೆ. ನೋಟೋ ಸ್ಯಾನ್ಸ್ ಬ್ರಾಹ್ಮಿ ಅನ್ನುವ ಫಾಂಟ್ ಬಿಟ್ಟಿ ಸಿಗುತ್ತದೆ. ಅದನ್ನು ಹಾಕಿಕೊಂಡು ಮನೆಯವರ ಹೆಸರೆಲ್ಲ ಬರೆದು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅವ್ವನ ಹೆಸರಿನ ಚೀಟಿ ಈಗ ನಮ್ಮ ಅಡುಗೆಮನೆಯ ಬೇಳೆ ಡಬ್ಬಿಯ ಮೇಲಿದೆ.

ಗವಿಮಠದ ಶಾಸನ ಮೊದಲ ಪಾಠ. ಇದೂ ಪಾಲ್ಕಿಗುಂಡಿನದೂ ಹೊರಜಗತ್ತಿಗೆ ಗೊತ್ತಾಗಿದ್ದು 1931ರಲ್ಲಿ. ಮಟಮಟ ಮಧ್ಯಾಹ್ನ ಹೋದರೆ ಬಂಡೆ ಮೇಲೆ ಏನೂ ಕಾಣುವುದಿಲ್ಲ, ಎಲ್ಲ ಒಂದೇ ಬಣ್ಣ. ಬೆಳಗ್ಗೆ ಬಿಸಿಲು ಅಡ್ಡ ಬೀಳುವಾಗ ಹೋಗಬೇಕು. ಆಗ ಕೊರೆದ ಗೆರೆಯ ಒಳಗೆ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ನೆರಳಿರುವ ಕಡೆ ಟಾರ್ಚನ್ನು ಬಂಡೆಗೆ ಒತ್ತಾಗಿ ಪಕ್ಕದಿಂದ ಹಿಡಿದರೂ ಅದೇ ಕೆಲಸ ಆಗುತ್ತದೆ. ಬಂಡೆಯನ್ನು ಮುಟ್ಟುವುದಿಲ್ಲ, ಸೀಮೆಸುಣ್ಣ ತುಂಬುವುದಿಲ್ಲ, ನೀರು ಹಾಕುವುದಿಲ್ಲ. ಇದು ನಾನು ಹಾಕಿಕೊಂಡ ಕಟ್ಟುನಿಟ್ಟು. ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಮೇಲೆ ಟ್ರೇಸಿಂಗ್ ಶೀಟ್ ಇಟ್ಟು ಪೆನ್ಸಿಲಿನಲ್ಲಿ ಬಿಡಿಸುತ್ತೇನೆ. ಬಿಡಿಸುವಾಗಲೇ ಅರ್ಧ ಓದು ಆಗಿಬಿಡುತ್ತದೆ, ಕಣ್ಣು ತಪ್ಪಿಸಿದ್ದನ್ನು ಕೈ ಹಿಡಿಯುತ್ತದೆ.

ಪಾಲ್ಕಿಗುಂಡು ಮಾತ್ರ ಕಷ್ಟ. ಎರಡು ಗುಂಡುಗಳ ಮೇಲೆ ಒಂದು ದೊಡ್ಡ ಚಪ್ಪಡಿ ಕೂತಿದೆ, ದೂರದಿಂದ ಪಲ್ಲಕ್ಕಿ ಹಾಗೆ ಕಾಣುತ್ತದೆ. ಅಲ್ಲಿನ ಬರಹ ತುಂಬಾ ಸವೆದಿದೆ. ಗವಿಮಠದ್ದೇ ವಿಷಯ ಅಲ್ಲೂ ಇರುವುದರಿಂದ ಅದನ್ನು ಪಕ್ಕದಲ್ಲಿಟ್ಟುಕೊಂಡು ಕೆಲವು ಅಕ್ಷರ ಗುರುತಿಸಿದೆ, ಅಷ್ಟೇ. ಆದರೆ ಮೇಲಿಂದ ಕೊಪ್ಪಳ ನೋಡಬೇಕು ನೀವು, ಕೋಟೆ, ಗುಡ್ಡ, ಊರು ಎಲ್ಲ ಒಟ್ಟಿಗೆ. ಗುಡ್ಡದ ಬೇರೆ ಗುಂಡುಗಳ ಮೇಲೆ ಯಾರ್ಯಾರೋ ಬಣ್ಣದಲ್ಲಿ ಹೆಸರು ಬರೆದು ಹೋಗಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಮಸ್ಕಿ.

ಕೊಪ್ಪಳದಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿ. ಬಸ್ಸು ಬದಲಿಸುತ್ತಾ ಹೋದೆವು. ಕಂಡಕ್ಟರ್ ‘ಆಧಾರ್ ತೋರ್ಸ್ರವ್ವ’ ಅಂದರು, ಇಬ್ಬರೂ ತೋರಿಸಿದೆವು, ಸೊನ್ನೆ ರೂಪಾಯಿಯ ಟಿಕೆಟ್ ಬಂತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಿಲ್ಲದಿದ್ದರೆ ಈ ಪ್ರಾಜೆಕ್ಟ್ ಗವಿಮಠದ ಗುಡ್ಡದಲ್ಲೇ ನಿಲ್ಲುತ್ತಿತ್ತು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಪ್ರತಿ ಸಲ ಅಪ್ಪನ ಹತ್ತಿರ ದುಡ್ಡು ಕೇಳಿ, ಯಾಕೆ ಅಂತ ವಿವರಿಸಿ ಹೋಗುವುದು ನಮ್ಮಂಥ ಮನೆಯ ಹುಡುಗಿಯರಿಗೆ ಆಗುವ ಮಾತಲ್ಲ. ಗಂಗಾವತಿ ದಾಟಿದ ಮೇಲೆ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು, ರೈಸ್ ಮಿಲ್ಲುಗಳು. ಸಿಂಧನೂರು ಬಸ್‌ಸ್ಟ್ಯಾಂಡ್ ಹತ್ತಿರ ಒಗ್ಗರಣಿ, ಮಿರ್ಚಿ ತಿಂದೆವು. ಮಸ್ಕಿ ಬರುವ ಹೊತ್ತಿಗೆ ನೆಲದ ಬಣ್ಣವೇ ಬೇರೆ.

ಮಸ್ಕಿ ಯಾಕೆ ಅಷ್ಟು ಮುಖ್ಯ ಅಂದರೆ, ಕಥೆ ಹಿಂದಿನಿಂದ ಹೇಳಬೇಕು. ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಓದಿದರು. ಸಾಂಚಿಯ ಕಲ್ಲುಗಳ ಮೇಲೆ ಸಣ್ಣ ಸಣ್ಣ ಬರಹಗಳ ಕೊನೆಗೆ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅದು ‘ದಾನಂ’ ಇರಬೇಕು ಅಂತ ಹಿಡಿದದ್ದೇ ಅವರಿಗೆ ದಾರಿ ಮಾಡಿಕೊಟ್ಟಿತು. ಓದೋಕೆ ಬಂತು ಸರಿ. ಆದರೆ ಶಾಸನಗಳಲ್ಲಿ ರಾಜ ತನ್ನನ್ನು ‘ದೇವಾನಂಪಿಯ ಪಿಯದಸಿ’ ಅಂದುಕೊಳ್ಳುತ್ತಾನೆ, ಯಾರಿವನು? ಶ್ರೀಲಂಕಾದ ಹಳೆಯ ಗ್ರಂಥಗಳನ್ನು ನೋಡಿ ಇವನೇ ಅಶೋಕ ಅಂತ ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಹೇಳಿದರು. ಆದರೆ ಅವನದೇ ಶಾಸನಗಳಲ್ಲಿ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ, ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನುವ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿ ‘ದೇವಾನಂಪಿಯಸ ಅಸೋಕಸ’ ಅಂತ ನೇರವಾಗಿ ಇತ್ತು. ಚಿನ್ನ ಈ ಸೀಮೆಯಲ್ಲಿ ಈಗಲೂ ಇದೆ, ಹಟ್ಟಿ ಗಣಿ ಲಿಂಗಸುಗೂರು ತಾಲ್ಲೂಕಿನದ್ದೇ.

ಬಂಡೆಯ ಹತ್ತಿರ ವಯಸ್ಸಾದ ಒಬ್ಬರು ಬಂದು ನಿಂತರು. ನಾವು ಗೆರೆ ಬಿಡಿಸುವುದನ್ನೇ ನೋಡುತ್ತಿದ್ದರು.

‘ಏನ್ ಬರ್ದದವ್ವ ಅದ್ರಾಗ?’

‘ಅಶೋಕನ ಹೆಸರದ ನೋಡ್ರಿ ತಾತಾ, ಇಲ್ಲಿ.’

ಕೂಡುವ ಚಿಹ್ನೆಯ ‘ಕ’ ತೋರಿಸಿದೆ. ಅವರು ಬಗ್ಗಿ ನೋಡಿ, ‘ಅಂದ್ರ ಅದು ಕ ಏನು?’ ಅಂದರು. ಮತ್ತೆ ಎಲ್ಲೆಲ್ಲಿ ‘ಕ’ ಇದೆ ಅಂತ ಅವರೇ ಹುಡುಕತೊಡಗಿದರು. ಚಿಕ್ಕಂದಿನಿಂದ ನೋಡಿದ ಬಂಡೆಯಂತೆ, ಓದಿದ್ದು ಅವತ್ತೇ ಅಂತ ಹೇಳಿದರು. ನನ್ನ ಪ್ರಾಜೆಕ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೂ ಬಂದಿಲ್ಲ.

ಒಳಗೆ ಏನಿದೆ ಅನ್ನುವುದೂ ಹೇಳಬೇಕು. ಭಾಷೆ ಪ್ರಾಕೃತ, ಕನ್ನಡ ಅಲ್ಲ. ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲು ಅಷ್ಟು ಶ್ರಮ ಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಪಟ್ಟೆ, ಇದು ದೊಡ್ಡವರಿಗಷ್ಟೇ ಸಾಧ್ಯ ಅಂದುಕೊಳ್ಳಬೇಡಿ, ಸಣ್ಣವರೂ ಮಾಡಬಹುದು ಅನ್ನುವ ಅರ್ಥದ ಮಾತುಗಳು. ಚಕ್ರವರ್ತಿ ಕಲ್ಲಿನ ಮೇಲೆ ಹೀಗೆ ಮನಸ್ಸು ಬಿಚ್ಚಿ ಮಾತಾಡುತ್ತಾನೆ ಅಂತ ನಾನು ಎಣಿಸಿರಲಿಲ್ಲ. ಶಾಸನ ಅಂದರೆ ಬರೀ ಗೆದ್ದದ್ದು, ಕೊಟ್ಟದ್ದು ಅಂದುಕೊಂಡಿದ್ದೆ.

ಮಸ್ಕಿಯಿಂದ ಬಂದ ಮೇಲೆ ನನ್ನನ್ನು ಹಿಡಿದುಕೊಂಡಿರುವವನು ಚಪಡ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಅವುಗಳ ಲಿಪಿಕಾರ ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಆದರೆ ಕೊನೆಗೆ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಖರೋಷ್ಠಿ ಈಗಿನ ಪಾಕಿಸ್ತಾನದ ಉತ್ತರದ ಕಡೆ ನಡೆಯುತ್ತಿದ್ದ ಲಿಪಿ. ಶಹಬಾಜ್‌ಗಢಿ, ಮಾನ್ಸೆಹ್ರಾದ ಅಶೋಕನ ಶಾಸನಗಳು ಆ ಲಿಪಿಯಲ್ಲೇ ಇವೆ. ಹಾಗಾದರೆ ಇವನು ಅಲ್ಲಿಂದ ಇಲ್ಲಿಗೆ ಬಂದವನೇ? ಅಥವಾ ಅಲ್ಲಿಯವರ ಹತ್ತಿರ ಕಲಿತವನೇ? ಯಾವ ದಾರಿಯಲ್ಲಿ ಬಂದ, ಏನು ಊಟ ಮಾಡಿದ, ಇಲ್ಲಿಯ ಜನರ ಮಾತು ಅವನಿಗೆ ತಿಳಿಯಿತೇ? ರಾತ್ರಿ ಓದಲು ಕೂತಾಗ ರಸಾಯನಶಾಸ್ತ್ರದ ಪುಸ್ತಕ ತೆರೆದೇ ಇರುತ್ತದೆ, ತಲೆಯಲ್ಲಿ ಇವನು. ಆ ಶಾಸನದಲ್ಲೇ ಸುವರ್ಣಗಿರಿ ಅನ್ನುವ ಊರಿನ ಹೆಸರೂ ಬರುತ್ತದೆ. ಅದು ನಮ್ಮ ಕನಕಗಿರಿ ಅನ್ನುವವರಿದ್ದಾರೆ, ಮಸ್ಕಿ ಅನ್ನುವವರೂ ಇದ್ದಾರೆ.

ಇಷ್ಟೆಲ್ಲ ಆದ ಮೇಲೆ ಊರು ಸುತ್ತುವ ಕನಸಿನ ಆಕಾರವೇ ಬದಲಾಗಿದೆ. ಮೊದಲು ಗೆಳತಿಯರ ಹಾಗೆ ನನಗೂ ಗೋವಾ, ಮನಾಲಿ ಅಂತಿತ್ತು. ಈಗ ನನ್ನ ಗೋಡೆಯ ಭಾರತದ ನಕಾಶೆಯಲ್ಲಿ ಪೆನ್ಸಿಲ್ ಗುರುತು ಇರುವುದು ಧೌಲಿ, ಗಿರ್ನಾರ್, ಸಾಂಚಿ, ಸಾರನಾಥಕ್ಕೆ. ಅಲ್ಲಿಯ ಭಾಷೆ ನನಗೆ ಬರುವುದಿಲ್ಲ, ಆದರೆ ಅಲ್ಲಿಯ ಕಲ್ಲು ಓದಲು ಬರುತ್ತದೆ! ಕೊಪ್ಪಳದಲ್ಲಿ ಕಲಿತ ಅದೇ ಕ, ಅದೇ ಮ, ಗುಜರಾತಿನಲ್ಲೂ ಒಡಿಶಾದಲ್ಲೂ ನಡೆಯುತ್ತದೆ.

ಧೌಲಿ ಭುವನೇಶ್ವರದ ಪಕ್ಕದಲ್ಲಿದೆ. ಭುವನೇಶ್ವರದ ಮೇಲೆ ಬಂಗಾಳದ ಕಡೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಕೊಪ್ಪಳದ ಮೇಲೆಯೇ ಹಾದುಹೋಗುತ್ತದೆ, ಅದನ್ನು ನೋಡಿದಾಗೆಲ್ಲ ಲೆಕ್ಕ ಹಾಕುತ್ತೇನೆ. ಅಲ್ಲಿ ಬಂಡೆಯ ಮೇಲೆ ಆನೆಯ ಮುಂಭಾಗ ಕೆತ್ತಿದ್ದಾರೆ. ಕಳಿಂಗ ಯುದ್ಧದಲ್ಲಿ ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು, ಅದಕ್ಕೆ ನನಗೆ ನೋವಿದೆ ಅಂತ ಅಶೋಕ ಹೇಳುವುದು ಅವನ ಹದಿನಾಲ್ಕು ದೊಡ್ಡ ಬಂಡೆಶಾಸನಗಳಲ್ಲಿ ಹದಿಮೂರನೆಯದರಲ್ಲಿ. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿಯಲ್ಲಿ ಆ ಹದಿಮೂರನೆಯದು ಇಲ್ಲ. ಅದರ ಬದಲು ಅಲ್ಲಿಯ ಅಧಿಕಾರಿಗಳಿಗೆ ಬೇರೆಯೇ ಶಾಸನ ಹಾಕಿಸಿದ್ದಾನೆ. ಗಾಯ ಆದವರ ಮುಂದೆ ಆ ಮಾತು ಬೇಡ ಅನ್ನಿಸಿತೋ ಏನೋ. ಅಲ್ಲಿ ನಿಂತು ಇದನ್ನೇ ಯೋಚಿಸಬೇಕು ನಾನು.

ಗುಜರಾತಿನ ಗಿರ್ನಾರಿಗೆ ಹೋಗಬೇಕೆನ್ನಲು ಇನ್ನೊಂದು ಕಾರಣ. ಅಶೋಕನ ಶಾಸನ ಇರುವ ಅದೇ ಬಂಡೆಯ ಮೇಲೆ, ಸುಮಾರು ಕ್ರಿ.ಶ. 150ರಲ್ಲಿ ರುದ್ರದಾಮ ಅನ್ನುವ ರಾಜ ಇನ್ನೊಂದು ಬರೆಸಿದ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕಟ್ಟಿದ ಸುದರ್ಶನ ಕೆರೆ ಬಿರುಗಾಳಿ ಮಳೆಗೆ ಒಡೆದು ನೀರೆಲ್ಲ ಹೋಯಿತು, ಜನ ಹತಾಶರಾದರು, ಮತ್ತೆ ಕಟ್ಟಿಸಿದೆ ಅನ್ನುವ ವಿಷಯ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಊರೂರಲ್ಲಿ ಅದೇ ಮಾತು, ನೀರು ಹೋದರೆ ಭತ್ತ ಏನಾಗಬೇಕು ಅಂತ. ಆಮೇಲೆ ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸಿದಾಗ ನಮ್ಮ ಮಾಮ ಫೋನಿನಲ್ಲೇ ಅತ್ತುಬಿಟ್ಟರು. ಆ ಬಂಡೆ ಓದುವಾಗ ನನಗೆ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ದೂರದ್ದು ದುಡ್ಡು ಕೂಡಿದ ಮೇಲೆ. ಹತ್ತಿರದ ಕೆಲಸ ಇನ್ನೂ ಬಾಕಿ ಇದೆ. ನಿಟ್ಟೂರು, ಉಡೇಗೋಳ ಎರಡೂ ಸಿರುಗುಪ್ಪ ತಾಲ್ಲೂಕಿನಲ್ಲಿವೆ, ಎರಡರಲ್ಲೂ ಅಶೋಕನ ಹೆಸರಿದೆ, ಜೊತೆಗೆ ಮಸ್ಕಿಯಲ್ಲಿ ಇಲ್ಲದ ಎರಡನೇ ಶಾಸನವೂ ಇದೆ. ತಂದೆ-ತಾಯಿಯ ಮಾತು ಕೇಳಬೇಕು, ನಿಜ ಹೇಳಬೇಕು ಅನ್ನುವ ಭಾಗ ಅದರಲ್ಲಿ ಬರುತ್ತದೆ. ಅವ್ವನಿಗೆ ಇದನ್ನು ಹೇಳಿದ್ದೇ ತಡ, ‘ಅದನ್ನ ಮೊದ್ಲು ಓದ್ಕೊಂಡು ಬಾ’ ಅಂದಳು. ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಸಿಂಧನೂರಿನಿಂದ ತುಂಗಭದ್ರೆ ದಾಟಿ ಸಿರುಗುಪ್ಪಕ್ಕೆ ಹೋಗುವ ಯೋಚನೆ. ಅಷ್ಟರೊಳಗೆ ಎರಡನೇ ಶಾಸನದ ಪಾಠ ಗ್ರಾಫ್ ಪುಸ್ತಕದಲ್ಲಿ ಬರೆದು ಮುಗಿಸಬೇಕು, ಚಪಡ ಬರೆದ ಖರೋಷ್ಠಿ ಅಕ್ಷರಗಳನ್ನೂ ಕಲಿಯಬೇಕು. ಈ ಸಲ ಅವ್ವನೂ ಬರುತ್ತೇನೆ ಅಂದಿದ್ದಾಳೆ, ಆಧಾರ್ ಕಾರ್ಡ್ ಈಗಲೇ ಚೀಲದಲ್ಲಿ ಹಾಕಿಟ್ಟಿದ್ದಾಳೆ.